ಕಾದಂಬರಿ ಬರೆಯಲು ಹೊರಟವರಿಗೆ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಕಡೆ ಕಾದಂಬರಿ ಬರೆಯಲು ಹೊರಟ ಗೆಳೆಯರೇ, ಪುರುಸೊತ್ತಿಗಾಗಿ ಕಾಯಬೇಡಿ. ಗೋಕಾಕ ತಾಲ್ಲೂಕಿನ ಮಲಾಮರಡಿಯಲ್ಲಿ 1919ರಲ್ಲಿ ಹುಟ್ಟಿದ ಬಸವರಾಜ ಕಟ್ಟೀಮನಿ ಪತ್ರಿಕೆಗಳ ದುಡಿಮೆಯ ಜೊತೆಗೇ ಬರೆದರು. ಸ್ವಾತಂತ್ರ್ಯ ಹೋರಾಟದ ಸೆರೆವಾಸವೂ ಪತ್ರಕರ್ತನ ಬದುಕೂ ಅವರ ಕಾದಂಬರಿಗಳಿಗೆ ಸರಕಾದವು. ‘ಜ್ವಾಲಾಮುಖಿಯ ಮೇಲೆ’ಗೆ 1968ರಲ್ಲಿ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಬಂತು.

ದಿನಕ್ಕೊಂದು ಪುಟ ಸಾಕು. ಮುಂದಿನ ಸಾಲು ಗೊತ್ತಿರುವಾಗಲೇ ಪೆನ್ನು ಕೆಳಗಿಡಿ. ಮರುದಿನ ಕೂತೊಡನೆ ಕೈ ಓಡುತ್ತದೆ. ಮೊದಲ ಅಧ್ಯಾಯವನ್ನೇ ತಿದ್ದುತ್ತ ಕೂರುವುದು ಬೇಡ. ಎಷ್ಟೋ ಒಳ್ಳೆಯ ಕಾದಂಬರಿಗಳು ಅಲ್ಲೇ ನಿಂತುಹೋಗುತ್ತವೆ.

ಕಥೆ ಮುಂದೆ ಸಾಗದಿದ್ದರೆ ಎದ್ದು ಹೊರಡಿ. ಬೈಲಹೊಂಗಲದ ಹತ್ತಿ ಪೇಟೆಯಲ್ಲಿ ದರದ ಮಾತು ಕೇಳಿಸಿಕೊಳ್ಳಿ. ಬನದ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡಕ್ಕೆ ಚಕ್ಕಡಿ ಹೂಡಿಕೊಂಡು ಬರುವವರ ಜೊತೆ ನಡೆಯಿರಿ. ನವಿಲುತೀರ್ಥದ ಹಿನ್ನೀರಿಗೆ ಹೊಲ ಬಿಟ್ಟುಕೊಟ್ಟ ಮನೆಗಳ ಹಿರಿಯರನ್ನು, 1939ರ ರಾಮದುರ್ಗದ ದಂಗೆಯ ಕಥೆ ಕೇಳಿ ಬೆಳೆದವರನ್ನು ಈಗಲೇ ಮಾತಾಡಿಸಿ, ಅವರಿಗೆ ವಯಸ್ಸಾಗುತ್ತಿದೆ. ಕಿತ್ತೂರಿನ 1824ರ ಯುದ್ಧದ ಬಗ್ಗೆ ಬಹಳ ಬರೆದಾಗಿದೆ. ಕೋಟೆ ಬಿದ್ದ ಮೇಲೆ ಆ ಪೇಟೆಯಲ್ಲಿ ಮತ್ತೆ ಅಂಗಡಿ ತೆರೆದ ಹೆಣ್ಣುಮಗಳೊಬ್ಬಳನ್ನು ಕಲ್ಪಿಸಿಕೊಳ್ಳಿ, ಅವಳು ನಮ್ಮ ಕಡೆಯ ಮಾತಿನಲ್ಲೇ ಮಾತಾಡಲಿ.