ಮುಂದಾಳು ಮರೆಯಾದ ವೇಳೆ

ಮುಂದಾಳ್ತನವೆಂದರೆ ಆಜ್ಞೆ ಮಾಡುವ ಸಾಮರ್ಥ್ಯವೆಂಬ ಭಾವನೆ ಬಹುಕಾಲದಿಂದ ರೂಢಿಯಲ್ಲಿದೆ. ಆಜ್ಞೆ ಮಾಡುವವನು ಕಣ್ಮರೆಯಾದಾಗ ಅನುಯಾಯಿಗಳು ಹೇಗೆ ನಡೆದುಕೊಳ್ಳುತ್ತಾರೆ? ಮನಶ್ಶಾಸ್ತ್ರವು ಈ ಪ್ರಶ್ನೆಯನ್ನು ಪ್ರಯೋಗಕ್ಕೆ ಒಳಪಡಿಸಿದ್ದು ಇಪ್ಪತ್ತನೆಯ ಶತಮಾನದಲ್ಲಿ.

ನಾಜಿಗಳ ಆಳ್ವಿಕೆ ಬಂದಾಗ ಜರ್ಮನಿಯನ್ನು ತೊರೆದು ಅಮೆರಿಕೆ ಸೇರಿದ ಕರ್ಟ್ ಲೆವಿನ್, ಲಿಪಿಟ್ ಮತ್ತು ವೈಟ್ ಎಂಬ ವಿದ್ವಾಂಸರೊಡನೆ 1939ರಲ್ಲಿ ಒಂದು ಅಧ್ಯಯನವನ್ನು ಪ್ರಕಟಿಸಿದನು. ಹತ್ತರ ಪ್ರಾಯದ ಹುಡುಗರ ಸಣ್ಣ ಸಣ್ಣ ತಂಡಗಳಿಗೆ ಮುಖವಾಡ ಮಾಡುವಂಥ ಕೈಕೆಲಸ ಕೊಡಲಾಗಿತ್ತು. ಕೆಲವು ತಂಡಗಳ ನಾಯಕರು ಎಲ್ಲವನ್ನೂ ತಾವೇ ವಿಧಿಸಿದರು. ಕೆಲವರು ಹುಡುಗರೊಡನೆ ಕುಳಿತು ಆಲೋಚಿಸಿ ನಿರ್ಧರಿಸಿದರು. ಇನ್ನು ಕೆಲವರು ಸುಮ್ಮನಿದ್ದರು. ದಬ್ಬಾಳಿಕೆಯ ತಂಡದಲ್ಲಿ ಕೆಲಸವೇನೂ ಕಡಮೆಯಾಗಿರಲಿಲ್ಲ ಎಂಬುದನ್ನು ಮರೆಮಾಚಬಾರದು. ಆದರೆ ನಾಯಕನು ಹೊರಗೆ ಹೋದೊಡನೆ ಆ ಕೆಲಸ ಕುಸಿಯಿತು. ಕೂಡಿ ನಿರ್ಧರಿಸಿದ ತಂಡವು ಬಹುಮಟ್ಟಿಗೆ ಎಂದಿನಂತೆಯೇ ಮುಂದುವರಿಯಿತು. ತರಗತಿಯನ್ನು ಬಿಟ್ಟು ಅರೆಗಳಿಗೆ ಹೊರಗೆ ಹೋದ ಯಾವ ಉಪಾಧ್ಯಾಯರಿಗೂ ಇದನ್ನು ವಿವರಿಸಿ ಹೇಳಬೇಕಾಗಿಲ್ಲ!

ಈ ವ್ಯತ್ಯಾಸವನ್ನು ಪ್ರಯೋಗ ತೋರಿಸಬಲ್ಲುದು. ಮುಂದಾಳು ತಾನೇ ಏಕೆ ಹಿಂದೆ ಸರಿಯಬೇಕೆಂಬುದನ್ನು ಅದು ಹೇಳಲಾರದು. 1970ರಲ್ಲಿ ರಾಬರ್ಟ್ ಗ್ರೀನ್‌ಲೀಫ್ ಎಂಬ ಅಮೆರಿಕನ್ ಚಿಂತಕನು ಸೇವಕನೇ ನಾಯಕನೆಂಬ ವಿಚಾರವನ್ನು ಮಂಡಿಸಿ, ಸೇವೆ ಪಡೆದವರು ತಾವೂ ಸೇವಕರಾಗಿ ಬೆಳೆದರೇ ಎಂಬುದನ್ನೇ ಒರೆಗಲ್ಲಾಗಿಸಿದನು. ಶರಣರ ದಾಸೋಹ ತತ್ತ್ವವಾದರೋ ಇನ್ನೂ ಆಳಕ್ಕಿಳಿಯುತ್ತದೆ: ನೀಡುವವನಿಗೆ ನೀಡಿದೆನೆಂಬ ಒಡೆತನವೇ ಉಳಿಯಬಾರದು. ಬಿಜ್ಜಳನ ಭಂಡಾರದ ಅಧಿಕಾರವನ್ನು ಹೊಂದಿದ್ದ ಬಸವಣ್ಣನವರು ಶೂನ್ಯಪೀಠವನ್ನು ತಾವು ಏರಲಿಲ್ಲ. ಅದು ಅಲ್ಲಮಪ್ರಭುವಿಗೆ ಸಂದಿತೆಂಬುದು ಶೂನ್ಯಸಂಪಾದನೆಯ ನಿರೂಪಣೆ. ಕಲ್ಯಾಣದ ಕ್ರಾಂತಿಯ ಬಳಿಕ ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದರೂ ಶರಣರ ಒಂದು ಸಮೂಹ ಚೆನ್ನಬಸವಣ್ಣನವರೊಡನೆ ಉಳವಿಯತ್ತ ನಡೆಯಿತೆಂದು ಪರಂಪರೆ ಹೇಳುತ್ತದೆ. ವಚನಗಳು ಉಳಿದು ಬಂದುದು ಹೀಗೆ ಚದುರಿದವರ ಕೈಯಲ್ಲಿ.

ಸಾಗರ ಸೀಮೆಯೂ ಇಂಥ ಪರೀಕ್ಷೆಯನ್ನು ಕಂಡಿದೆ. 1951ರಲ್ಲಿ ಕಾಗೋಡಿನ ಗೇಣಿದಾರರು ಕೊಳಗದ ಅಳತೆಯ ಅನ್ಯಾಯವನ್ನು ಪ್ರತಿಭಟಿಸಿ ಸತ್ಯಾಗ್ರಹಕ್ಕೆ ಇಳಿದರು. ಅವರನ್ನು ಸಂಘಟಿಸಿದವರಲ್ಲಿ ಎಚ್. ಗಣಪತಿಯಪ್ಪನವರು, ಶಾಂತವೇರಿ ಗೋಪಾಲಗೌಡರು ಪ್ರಮುಖರು. ಬೆಂಬಲಿಸಲು ಬಂದ ರಾಮಮನೋಹರ ಲೋಹಿಯಾ ಅವರು ಬಂಧಿತರಾದರು. ಸೆರೆಮನೆಗೆ ಹೋದವರ ಸ್ಥಾನದಲ್ಲಿ ಮತ್ತೊಂದು ತಂಡ ಬಂದು ನಿಲ್ಲುತ್ತಿತ್ತು. ಅಪ್ಪಣೆಯ ಬಲವೊಂದರಿಂದಲೇ ಇಂಥದು ಸಾಧ್ಯವಾಗುತ್ತಿರಲಿಲ್ಲ.

ಅದೇ ತಾಲ್ಲೂಕಿನ ತುಮರಿಗೆ ಈ ಪರೀಕ್ಷೆ ನೀರಿನ ರೂಪದಲ್ಲಿ ಬಂದಿತು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಆ ಭಾಗವನ್ನು ಸಾಗರದಿಂದ ಬೇರ್ಪಡಿಸಿತು. 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ತೆರೆಯುವವರೆಗೆ ಪೇಟೆಗೆ ಹತ್ತಿರದ ದಾರಿಯೆಂದರೆ ಲಾಂಚ್. ಅದು ಸಂಜೆಗೆ ನಿಂತ ಮೇಲೆ ಊರಿನಲ್ಲಿ ಯಾರಿಗಾದರೂ ಹೆರಿಗೆಯ ನೋವು ಕಾಣಿಸಿಕೊಂಡರೆ, ಆಚೆ ದಡದ ಅಧಿಕಾರಿಯ ಮಾತಿಗೆ ಕಾಯುವಂತಿರಲಿಲ್ಲ. ದೋಣಿ ಹೂಡುವುದೋ, ಸುತ್ತುದಾರಿ ಹಿಡಿಯುವುದೋ, ಬೆಳಗಿನವರೆಗೆ ಕಾಯುವುದೋ ಎಂಬುದನ್ನು ಆ ಹೊತ್ತಿಗೆ ಅಂಗಳದಲ್ಲಿ ನೆರೆದವರೇ ನಿಶ್ಚಯಿಸಬೇಕಾಗಿತ್ತು.