ಹೇಮಾವತಿ ಬಗ್ಗೆ ಮೈಕ್ ಹಿಡಿಯುವ ಮುನ್ನ

ತುಮಕೂರಿನ ಟೀ ಅಂಗಡಿಯಲ್ಲಿ ಕೂತರೂ, ಗುಬ್ಬಿಯ ಬಸ್ ಸ್ಟ್ಯಾಂಡಿನಲ್ಲಿ ನಿಂತರೂ, ಕುಣಿಗಲ್ ಸಂತೆಗೆ ಹೋದರೂ ಹೇಮಾವತಿ ನೀರಿನ ಲಿಂಕ್ ಕೆನಾಲ್ ಮಾತು ಬಂದೇ ಬರುತ್ತದೆ. ಎಲ್ಲರಿಗೂ ಅಭಿಪ್ರಾಯ ಇದೆ, ಲೆಕ್ಕ ಕೆಲವರಿಗಷ್ಟೇ ಗೊತ್ತು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲೋ ಗ್ರಾಮಸಭೆಯಲ್ಲೋ ಮೊದಲ ಸಲ ಈ ವಿಷಯ ಎತ್ತುವವರು ಹೀಗೆ ತಯಾರಾಗಬಹುದು.

ಹಂತ 1: ಅಳತೆ ಕಲಿಯಿರಿ
ಕ್ಯೂಸೆಕ್ ಅಂದರೆ ಹರಿವು: ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್. ಟಿಎಂಸಿ ಅಂದರೆ ಮೊತ್ತ: 100 ಕೋಟಿ ಘನ ಅಡಿ. ನಾಲೆಯಲ್ಲಿ 1,000 ಕ್ಯೂಸೆಕ್ ನೀರು ಹಗಲೂ ರಾತ್ರಿ ಹರಿದರೂ ಒಂದು ಟಿಎಂಸಿ ಆಗಲು ಹನ್ನೊಂದೂವರೆ ದಿನ ಬೇಕು. ಈ ಲೆಕ್ಕ ಕೈಯಲ್ಲಿದ್ದರೆ, ‘ದಿನಕ್ಕೆ ಇಷ್ಟು ಟಿಎಂಸಿ ಎಳೀತಾರೆ’ ಎಂದು ಯಾರಾದರೂ ಕೂಗಿದಾಗ ಅಲ್ಲೇ ತಾಳೆ ನೋಡಬಹುದು. ವೇದಿಕೆ ಮೇಲೆ ಎರಡನ್ನೂ ಕಲಸಿ ಮಾತಾಡುವವರೇ ಹೆಚ್ಚು. ಚಪ್ಪಾಳೆಯೂ ಅವರಿಗೇ ಬೀಳುತ್ತದೆ ಅನ್ನಿ.

ಹಂತ 2: ನೀರಿನ ದಾರಿ ಹಿಡಿಯಿರಿ
ಹೇಮಾವತಿ ನದಿಗೆ ಕಟ್ಟಿದ ಹಾಸನ ಜಿಲ್ಲೆಯ ಗೊರೂರು ಅಣೆಕಟ್ಟು ತುಂಬಿದರೆ 37.103 ಟಿಎಂಸಿ. ಅಲ್ಲಿಂದ ಬಾಗೂರು–ನವಿಲೆ ಸುರಂಗ ದಾಟಿ ಬರುವ ತುಮಕೂರು ಶಾಖಾ ನಾಲೆ ಗುಬ್ಬಿ ತಾಲ್ಲೂಕಿನಲ್ಲಿ ಹಾಯುತ್ತದೆ. ತುಮಕೂರು ನಗರ ಕುಡಿಯುವ ಬುಗುಡನಹಳ್ಳಿ ಕೆರೆಯ ನೀರೂ ಇದೇ. ಕುಣಿಗಲ್ ಇರುವುದು ನಾಲೆಯ ಕೊನೆ ಭಾಗದಲ್ಲಿ. 70ನೇ ಕಿಲೋಮೀಟರ್ ಹತ್ತಿರ ನೀರು ತಿರುಗಿಸಿ, ಪೈಪಿನಲ್ಲಿ ನೇರ ಕುಣಿಗಲ್ ಕಡೆಗೆ ಒಯ್ಯುವುದೇ ಲಿಂಕ್ ಕೆನಾಲ್ ಯೋಜನೆ. ಕಾವೇರಿಯಲ್ಲಿ ರಾಜ್ಯದ ಒಟ್ಟು ಪಾಲು 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ 284.75 ಟಿಎಂಸಿ, ಕಾವೇರಿಯ ಉಪನದಿ ಹೇಮಾವತಿಯ ನೀರೂ ಅದರೊಳಗೇ ಬರಬೇಕು.

ಹಂತ 3: ಎದುರಿನವರ ವಾದವನ್ನು ಮೊದಲು ಬರೆಯಿರಿ
ಗುಬ್ಬಿಯವರಾದರೆ ಕುಣಿಗಲ್‌ನವರ ಮಾತು ಬರೆಯಿರಿ: ‘ಹಂಚಿಕೆ ಕಾಗದದಲ್ಲಿದೆ, ನೀರು ನಮ್ಮ ತನಕ ಬರುತ್ತಿಲ್ಲ.’ ಕುಣಿಗಲ್‌ನವರಾದರೆ ಗುಬ್ಬಿಯವರದು: ‘ಮೇಲಿಂದಲೇ ಪೈಪ್ ಎಳೆದರೆ ನಾಲೆಗೆ ಉಳಿಯುವುದೇನು? ಇರುವ ನಾಲೆಯನ್ನೇ ಅಗಲ ಮಾಡಿ ಹರಿಸಿ.’ ಎರಡೂ ಬಾಯಿಬಡುಕರ ಮಾತಲ್ಲ. ಎದುರಿನವರು ಓದಿ ‘ಹೌದು, ನಾವು ಹೇಳೋದು ಇದೇ’ ಅನ್ನುವಂತೆ ಬರೆಯಬೇಕು. ಈ ಹಂತಕ್ಕೆ ಒಂದು ಸಂಜೆ ಪೂರ್ತಿ ಕೊಡಿ.

ಹಂತ 4: ಕಾಗದ ತರಿಸಿ
ಪತ್ರಿಕೆಯ ತಲೆಬರಹ ಸಾಲದು. ಕಾವೇರಿ ನೀರಾವರಿ ನಿಗಮಕ್ಕೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕದ ಅರ್ಜಿ ಹಾಕಿ, ಯಾವ ವರ್ಷ ಯಾವ ತಾಲ್ಲೂಕಿಗೆ ಎಷ್ಟು ನೀರು ಹರಿದಿದೆ ಎಂದು ಕೇಳಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರುವಂತಿಲ್ಲ. ಉತ್ತರಕ್ಕೆ 30 ದಿನ ಗಡುವು, ಆದ್ದರಿಂದ ಭಾಷಣದ ಹಿಂದಿನ ವಾರ ಹೊರಟರೆ ಆಗದು.

ಹಂತ 5: ಹೋಗಿ ನೋಡಿ
ಕುಣಿಗಲ್ ಕೆರೆಯ ಜನಪದ ಹಾಡು ಎಲ್ಲರ ಬಾಯಲ್ಲೂ ಇದೆ. ಕೆರೆ ಕೋಡಿ ಬಿದ್ದದ್ದು ಯಾವಾಗ ಎಂದು ಕೇಳಿ ನೋಡಿ, ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ. ಊರಿನ ನೀರುಗಂಟಿಯನ್ನು ಹಿಡಿಯಿರಿ. ಯಾವ ತೂಬು ಕೆಟ್ಟಿದೆ, ಎಲ್ಲಿ ಹೂಳು ತುಂಬಿದೆ, ಯಾರು ರಾತ್ರಿ ಮೋಟಾರ್ ಇಟ್ಟು ನಾಲೆಯಿಂದ ಎತ್ತುತ್ತಾರೆ, ಎಲ್ಲ ಅವರಿಗೆ ಗೊತ್ತಿರುತ್ತದೆ. ಕೊನೆಯದನ್ನು ಮೈಕಿನಲ್ಲಿ ಹೇಳಬೇಡಿ.

ಹಂತ 6: ನೆಂಟರ ಮುಂದೆ ಒಪ್ಪಿಸಿ
ಆಚೆ ತಾಲ್ಲೂಕಿನಲ್ಲಿ ಬೀಗರೋ ಭಾವಮೈದನೋ ಇದ್ದೇ ಇರುತ್ತಾರೆ. ಊಟಕ್ಕೆ ಮುಂಚೆ ಐದು ನಿಮಿಷ ಅವರಿಗೆ ಭಾಷಣ ಕೇಳಿಸಿ. ಅವರು ಅಡ್ಡ ಬಾಯಿ ಹಾಕಿದ ಕಡೆಯೆಲ್ಲ ಪೆನ್ಸಿಲ್ ಗುರುತು ಇಡಿ, ಅಲ್ಲಿ ಇನ್ನೂ ಓದುವುದಿದೆ.