ಹಕ್ಕಿಯ ಕೊರಳಲ್ಲಿ ವಿಳಾಸ

ಮಕ್ಕಳೇ, ಚಳಿಗಾಲದಲ್ಲಿ ಕೆರೆಯ ಏರಿಯ ಮೇಲೆ ನಿಂತು ಹಕ್ಕಿಗಳನ್ನು ನೋಡಿದ್ದೀರಾ? ಬೂದು ಮೈ, ಬಿಳಿ ತಲೆ, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಕಂಡರೆ ಅದು ಪಟ್ಟೆತಲೆ ಹೆಬ್ಬಾತು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಇವು ಹಿಂಡು ಹಿಂಡಾಗಿ ಬರುತ್ತವೆ.

ನಂಜನಗೂಡು ತಾಲ್ಲೂಕಿನಲ್ಲಿ ಹದಿನಾರು ಎಂಬ ಊರಿದೆ. ಅಲ್ಲಿನ ಕೆರೆಯಲ್ಲಿ ಕೊರಳಿಗೆ ಪ್ಲಾಸ್ಟಿಕ್ ಪಟ್ಟಿ ಹಾಕಿದ್ದ ಹೆಬ್ಬಾತು ಕಾಣಿಸಿತ್ತು. ಪಟ್ಟಿಯ ಮೇಲೆ ಅಕ್ಷರ, ಅಂಕಿ! ಅದನ್ನು ತೊಡಿಸಿದವರು ಮಂಗೋಲಿಯದ ವಿಜ್ಞಾನಿಗಳು. ಅಲ್ಲಿಂದ ಇಲ್ಲಿಗೆ ನೇರವಾಗಿ ಅಳೆದರೂ 4,000 ಕಿ.ಮೀ.ಗೂ ಹೆಚ್ಚು ದೂರ; ನಡುವೆ ಹಿಮಾಲಯ ಬೇರೆ. ಹಾರುವ ಹಕ್ಕಿಯನ್ನು ಹಿಡಿಯುವುದು ಹೇಗೆ? ಬೇಸಿಗೆಯಲ್ಲಿ ಹೆಬ್ಬಾತುಗಳ ರೆಕ್ಕೆಯ ಗರಿಗಳು ಒಟ್ಟಿಗೇ ಉದುರುತ್ತವೆ. ಹೊಸ ಗರಿ ಬರುವವರೆಗೆ ಕೆಲವು ವಾರ ಅವು ಹಾರಲಾರವು. ಪಟ್ಟಿ ತೊಡಿಸಲು ಅದೇ ಸಮಯ.

ನಮ್ಮ ದೇಶದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1927ರಲ್ಲಿ ಹಕ್ಕಿಗಳ ಕಾಲಿಗೆ ಲೋಹದ ಬಳೆ ತೊಡಿಸಲು ಆರಂಭಿಸಿತು. ಬಳೆಯ ಮೇಲಿನ ಸಂಖ್ಯೆ ಬಲು ಚಿಕ್ಕದು, ದೂರದಿಂದ ಓದಲಾಗದು. ಕೊರಳಪಟ್ಟಿಯನ್ನಾದರೆ ದುರ್ಬೀನಿನಿಂದ ಓದಬಹುದು.

ಹಿರಿಯೂರಿನ ವಾಣಿವಿಲಾಸ ಸಾಗರದ ಹಿನ್ನೀರು ಹೊಸದುರ್ಗ ತಾಲ್ಲೂಕಿನವರೆಗೂ ಚಾಚಿದೆ. ಚಿತ್ರದುರ್ಗದ ಬಳಿ ಭೀಮಸಮುದ್ರದ ಕೆರೆಯಿದೆ. ಹೊಳಲ್ಕೆರೆಯ ಹೆಸರಿನಲ್ಲೇ ಕೆರೆಯಿದೆ! ಇಲ್ಲೆಲ್ಲಾದರೂ ಗುರುತು ಹಾಕಿದ ಹಕ್ಕಿ ಕಂಡರೆ ಓಡಿಸಬೇಡಿ, ಹಿಡಿಯಬೇಡಿ. ನೀರಿಗೆ ಇಳಿಯಲೇಬೇಡಿ. ಏರಿಯ ಮೇಲಿಂದಲೇ ನೋಡಿ ಬರೆದುಕೊಳ್ಳಿ: ಯಾವ ಹಕ್ಕಿ, ದಿನಾಂಕ, ಕೆರೆಯ ಹೆಸರು, ಪಟ್ಟಿಯ ಬಣ್ಣ, ಅಕ್ಷರದ ಬಣ್ಣ, ಸಂಕೇತ. ಬಳೆ ಇದ್ದರೆ ಅದು ಎಡಗಾಲಿಗೋ ಬಲಗಾಲಿಗೋ ಎಂಬುದೂ ಬೇಕು. ಒಂದು ಅಂಕಿ ತಪ್ಪಿದರೆ ಅದು ಬೇರೊಂದು ಹಕ್ಕಿಯ ಲೆಕ್ಕಕ್ಕೆ ಸೇರುತ್ತದೆ. ಸತ್ತುಹೋದ ಹಕ್ಕಿ ಕಡತದಲ್ಲಿ ಬದುಕಿಬಿಡಬಹುದು! ಆದ್ದರಿಂದ ಕಾಣದ ಅಂಕಿಯನ್ನು ಊಹಿಸಬೇಡಿ, ಆ ಜಾಗದಲ್ಲಿ ಪ್ರಶ್ನೆಚಿಹ್ನೆ ಹಾಕಿ. ಸತ್ತ ಹಕ್ಕಿಯ ಕಾಲಲ್ಲಿ ಬಳೆ ಕಂಡರೆ ಮುಟ್ಟದೆ ದೊಡ್ಡವರಿಗೆ ತಿಳಿಸಿ, ಹಕ್ಕಿಜ್ವರದ ಭಯವಿರುತ್ತದೆ.

ಬರೆದುಕೊಂಡದ್ದನ್ನು ನಿಮ್ಮ ಶಿಕ್ಷಕರ ಮೂಲಕ ಅರಣ್ಯ ಇಲಾಖೆಗೆ ಅಥವಾ ಮುಂಬಯಿಯ ಆ ಸೊಸೈಟಿಗೆ ಕಳುಹಿಸಿ. ಆ ಸಂಕೇತ ಯಾರ ಪಟ್ಟಿಯಲ್ಲಿದೆ ಎಂದು ಹುಡುಕಿದರೆ ಹಕ್ಕಿಗೆ ಗುರುತು ಹಾಕಿದ ಊರು, ವರ್ಷ ತಿಳಿಯುತ್ತದೆ.

ಮಾಡಿ ನೋಡಿ: ಗೆಳೆಯನೊಬ್ಬ ಕಾಗದದಲ್ಲಿ ಒಂದು ಅಕ್ಷರ, ಎರಡು ಅಂಕಿ ಬರೆದು ಬಾಟಲಿಗೆ ಸುತ್ತಲಿ. ಮೂವತ್ತು ಹೆಜ್ಜೆ ದೂರದಿಂದ ಎಲ್ಲರೂ ಓದಿ, ಬೇರೆ ಬೇರೆಯಾಗಿ ಬರೆದುಕೊಳ್ಳಿ. 3 ಎಷ್ಟು ಜನರಿಗೆ 8 ಆಗಿ ಕಂಡಿತು?